ಆಂಬೊಡೆ ಮನೆಯಲ್ಲಿ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಬ್ಬದ ಹಿಂದಿನ ಸಂಜೆ ಶುರುವಾಗುತ್ತದೆ ಫೋನು. ತಂಗಿ, ನಾದಿನಿ, ಮೇಲಿನ ಮನೆಯ ಹುಡುಗ, ಮದುವೆಯಾಗಿ ಪುಣೆ ಸೇರಿರುವ ಸೋದರತ್ತೆ ಮಗಳು. ಎಲ್ಲರದೂ ಅದೇ ಗೋಳು. "ಅಕ್ಕಾ, ಬೇಳೆ ನೆನೆಹಾಕಿದ್ದೀನಿ, ಎಷ್ಟು ಹೊತ್ತು?" "ಎಣ್ಣೆಗೆ ಬಿಟ್ಟ ತಕ್ಷಣ ಪುಡಿಪುಡಿ ಆಗ್ತಿದೆ, ಏನ್ ಮಾಡ್ಲಿ?" ಹೇಳಿದ್ದನ್ನೇ ಹೇಳಿ ಸಾಕಾಗಿ ಇದನ್ನು ಬರೆದಿಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಸುತ್ತಲೇ ಸುತ್ತುತ್ತದೆ. ಆಂಬೊಡೆ ಕೆಟ್ಟಾಗ ನಾವು ಬೇಳೆಯನ್ನು ಬೈಯುತ್ತೇವೆ, ಎಣ್ಣೆಯನ್ನು ಬೈಯುತ್ತೇವೆ, ಮಿಕ್ಸಿಯನ್ನು ಬೈಯುತ್ತೇವೆ. ತಪ್ಪು ಹೆಚ್ಚಿನ ಸಲ ನೀರಿನದ್ದು.

ಆಂಬೊಡೆ, ಮಸಾಲೆ ವಡೆ, ಚಟ್ಟಂಬಡೆ ಎಲ್ಲಾ ಒಂದೇನಾ?

ಹತ್ತಿರದ ನೆಂಟರು. ನೆನೆಸಿದ ಕಡಲೆಬೇಳೆಯನ್ನು ತರಿತರಿಯಾಗಿ ರುಬ್ಬಿ, ತಟ್ಟಿ, ಕರಿಯುವುದು ಎಲ್ಲದರ ಬುಡ. ಹಳೆ ಮೈಸೂರು ಕಡೆ ಹಬ್ಬದ ಎಲೆಗೆ ಬಡಿಸುವುದು ಆಂಬೊಡೆ. ಕೆಲವರು ಅಂಬೊಡೆ ಅಂತ ಬರೆಯುತ್ತಾರೆ, ಅದಕ್ಕೇನೂ ಜಗಳ ಬೇಡ. ಇದಕ್ಕೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಸಬ್ಬಸಿಗೆ ಸೊಪ್ಪು ಇದ್ದೇ ಇರಬೇಕು. ಅದೇ ಹಿಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಸೋಂಪು, ಒಂಚೂರು ಚಕ್ಕೆ ಬಿದ್ದರೆ ಹೋಟೆಲಿನ ಮಸಾಲೆ ವಡೆ. ಉಡುಪಿ, ಮಂಗಳೂರಿಗೆ ಹೋದರೆ ಚಟ್ಟಂಬಡೆ ಅನ್ನುತ್ತಾರೆ. ತಮಿಳರು ಇದರ ಆಕಾರ ನೋಡಿ ಆಮೆ ವಡೆ ಅಂತ ಕರೆದಿದ್ದಾರೆ. ಕೇರಳದ ಚಹಾ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕೂತಿರುವ ಪರಿಪ್ಪು ವಡೆಯೂ ಇದೇ ವಂಶ.

ಮದ್ದೂರು ವಡೆ?

ಅದು ಬೇರೆ ಜಾತಿ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ. ಬೇಳೆಯೇ ಇಲ್ಲ. ಮದ್ದೂರು ರೈಲು ನಿಲ್ದಾಣದಲ್ಲಿ 1917ರ ಹೊತ್ತಿಗೆ ಶುರುವಾಯಿತು ಅಂತ ಹೇಳುತ್ತಾರೆ. ಚೆನ್ನಾಗಿಯೇ ಇರುತ್ತದೆ, ಆದರೆ ಇಲ್ಲಿ ಅದರ ಮಾತು ಬೇಡ.

ಒಂದು ಲೋಟ ಬೇಳೆಗೆ ಏನೇನು ಬೇಕು?

ಕಡಲೆಬೇಳೆ 200 ಗ್ರಾಂ. ಸರಿಯಾಗಿ ಒಂದು ಲೋಟ ಬರುತ್ತದೆ, ಇದರಲ್ಲಿ 14ರಿಂದ 16 ಆಂಬೊಡೆ ಆಗುತ್ತವೆ. ನಾಲ್ಕೈದು ಹಸಿಮೆಣಸಿನಕಾಯಿ, ಒಂದು ಇಂಚು ಶುಂಠಿ, ಎರಡು ಎಸಳು ಕರಿಬೇವು, ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಒಂದು ಹಿಡಿ, ಕೊತ್ತಂಬರಿ ಅದರ ಅರ್ಧ, ಕಾಯಿತುರಿ ಮೂರು ಚಮಚ, ಕಾಲು ಚಮಚ ಇಂಗು, ಉಪ್ಪು. ಕರಿಯಲು ಅರ್ಧ ಲೀಟರ್ ಎಣ್ಣೆ.

ಇಂಗಿನ ವಿಷಯದಲ್ಲಿ ಜಿಪುಣತನ ಬೇಡ. ಬೇಳೆಯ ತಿಂಡಿ ತಿಂದು ಹೊಟ್ಟೆ ಉಬ್ಬರಿಸುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ, ಶುಂಠಿ ಇಂಗು ಇರುವುದು ಬರೀ ವಾಸನೆಗಲ್ಲ. ನೆನೆಸಿದ ನೀರನ್ನು ಚೆಲ್ಲುವುದಕ್ಕೂ ಇದೇ ಕಾರಣ. ಗ್ಯಾಸು ಮಾಡುವ ಸಕ್ಕರೆ ಅಂಶ ಒಂದಿಷ್ಟು ಆ ನೀರಿಗೇ ಇಳಿದಿರುತ್ತದೆ.

ಸಬ್ಬಸಿಗೆ ಸಿಗದಿದ್ದರೆ? ಮೆಂತ್ಯ ಸೊಪ್ಪು ಹಾಕಬಹುದು, ಪುದೀನ ಹಾಕಬಹುದು, ಬರೀ ಕೊತ್ತಂಬರಿಯಲ್ಲೂ ಆಗುತ್ತದೆ. ಆದರೆ ಬೀದಿಯ ಆ ತುದಿಯಲ್ಲಿ ನಿಂತವರಿಗೂ "ಇವತ್ತು ಈ ಮನೇಲಿ ಆಂಬೊಡೆ" ಅಂತ ಗೊತ್ತಾಗುವುದು ಸಬ್ಬಸಿಗೆಯಿಂದಲೇ.

ಬೇಳೆ ಎಷ್ಟು ಹೊತ್ತು ನೆನೆಯಬೇಕು? ರಾತ್ರಿಯಿಡೀ ಬಿಟ್ಟರೆ?

ಎರಡು ಗಂಟೆ. ಚಳಿಗಾಲದಲ್ಲಿ ಎರಡೂವರೆ. ಗಡಿಯಾರಕ್ಕಿಂತ ಉಗುರನ್ನು ನಂಬಿ. ಒಂದು ಬೇಳೆ ತೆಗೆದುಕೊಂಡು ಉಗುರಿನಿಂದ ಒತ್ತಿದರೆ ಟಕ್ ಅಂತ ಎರಡು ತುಂಡಾಗಬೇಕು, ಒಳಗೆ ಬಿಳಿ ಒಣ ಚುಕ್ಕೆ ಕಾಣಬಾರದು. ಆ ಚುಕ್ಕೆ ಇದ್ದರೆ ಕರಿದ ಮೇಲೆ ಹಲ್ಲಿಗೆ ಕಲ್ಲಿನ ಹಾಗೆ ಸಿಗುತ್ತದೆ.

ರಾತ್ರಿಯಿಡೀ ನೆನೆಸಿದರೆ ಬೇಳೆ ತನಗೆ ಹಿಡಿಯುವಷ್ಟೂ ನೀರು ಕುಡಿದುಬಿಟ್ಟಿರುತ್ತದೆ. ರುಬ್ಬಿದಾಗ ಆ ನೀರೆಲ್ಲ ಹೊರಗೆ ಬಂದು ಹಿಟ್ಟು ಸಡಿಲವಾಗುತ್ತದೆ, ವಡೆ ಮೆತ್ತಗಾಗುತ್ತದೆ, ಎಣ್ಣೆಯೂ ಜಾಸ್ತಿ ಹೀರುತ್ತದೆ. ಬೆಳಿಗ್ಗೆ ಬೇಗ ಮಾಡಬೇಕು, ನಡುವೆ ಏಳಲು ಆಗಲ್ಲ ಅನ್ನುವವರು ಮಲಗುವ ಮುಂಚೆ ಎರಡು ಗಂಟೆ ನೆನೆಸಿ, ಬಸಿದು, ಒಣ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ರುಬ್ಬಿ. ನಾನು ಗೌರಿ ಹಬ್ಬಕ್ಕೆ ಮಾಡುವುದೇ ಹೀಗೆ.

ಬಸಿಯುವುದು ಅಂದರೆ ಪಾತ್ರೆ ವಾರೆ ಮಾಡಿ ನೀರು ಚೆಲ್ಲುವುದಲ್ಲ. ತೂತಿನ ಪಾತ್ರೆಗೆ ಹಾಕಿ ಕಾಲು ಗಂಟೆ ಸುಮ್ನೆ ಬಿಡಿ, ಆಮೇಲೆ ಹತ್ತಿ ಬಟ್ಟೆಯ ಮೇಲೆ ಹರಡಿ ಒಂದು ಸಲ ಒರೆಸಿ. ಈ ಕಾಲು ಗಂಟೆಯನ್ನು ಉಳಿಸಲು ಹೋದವರೇ ಆಮೇಲೆ ಫೋನ್ ಮಾಡುವವರು.

ನೀರು ಹಾಕದೆ ಮಿಕ್ಸಿ ತಿರುಗುವುದೇ ಇಲ್ಲ. ಒಂದೇ ಒಂದು ಚಮಚ ಹಾಕಲಾ?

ಬೇಡ. ಚಿಕ್ಕ ಜಾರು ತೆಗೆದುಕೊಳ್ಳಿ, ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಒಂದೇ ಸಮ ಓಡಿಸಬಾರದು. ಮಿಕ್ಸಿಯ ಗುಂಡಿಯನ್ನು ಎಡಕ್ಕೆ ತಿರುಗಿಸಿ ಬಿಡಿ, ತಿರುಗಿಸಿ ಬಿಡಿ, ನಡುನಡುವೆ ಮುಚ್ಚಳ ತೆಗೆದು ಬದಿಗೆ ಅಂಟಿದ್ದನ್ನು ಚಮಚದಲ್ಲಿ ಕೆಳಗೆ ತಳ್ಳಿ. ಮೆಣಸಿನಕಾಯಿ, ಶುಂಠಿ, ಉಪ್ಪನ್ನು ಮೊದಲ ಸುತ್ತಿಗೇ ಬೇಳೆಯ ಜೊತೆ ಹಾಕಿದರೆ ಅವುಗಳ ರಸವೇ ಸಾಕಾಗುತ್ತದೆ.

ನಾನು ಬೇಳೆಯನ್ನು ಮೂರು ಪಾಲು ಮಾಡುತ್ತೇನೆ. ಎರಡು ಚಮಚದಷ್ಟು ಇಡೀ ಬೇಳೆ ಪಕ್ಕಕ್ಕೆ. ಉಳಿದದ್ದರಲ್ಲಿ ಮುಕ್ಕಾಲು ಭಾಗ ತರಿತರಿ, ಅಂದರೆ ಕಾಲು ಬೇಳೆ, ಅರ್ಧ ಬೇಳೆ ಕಣ್ಣಿಗೆ ಕಾಣುವ ಹಾಗೆ. ಇನ್ನು ಕಾಲು ಭಾಗ ನುಣ್ಣಗೆ. ನುಣ್ಣಗಿರುವುದು ಅಂಟು, ತರಿ ಇರುವುದು ಗರಿಗರಿ, ಇಡೀ ಬೇಳೆ ಬಾಯಿಗೆ ಸಿಗುವ ಖುಷಿ. ಒರಳು ಕಲ್ಲಿನಲ್ಲಿ ರುಬ್ಬಿದರೆ ಈ ಲೆಕ್ಕವೇ ಬೇಡ, ಗುಂಡು ತಿರುಗಿದಂತೆ ಒಂದಿಷ್ಟು ನುಣ್ಣಗಾಗಿ ಒಂದಿಷ್ಟು ತರಿಯಾಗಿ ತಾನೇ ಉಳಿಯುತ್ತದೆ. ಆದರೆ ಈಗ ಒರಳು ಇರುವ ಮನೆ ಎಲ್ಲಿ, ಇದ್ದರೂ ಅದರ ಮೇಲೆ ತುಳಸಿ ಕುಂಡ ಕೂತಿರುತ್ತದೆ.

ಎಣ್ಣೆಗೆ ಬಿಟ್ಟ ತಕ್ಷಣ ಒಡೆದು ಪುಡಿಯಾಗುತ್ತಿದೆ!

ಗಾಬರಿ ಬೇಡ, ಗ್ಯಾಸ್ ಸಣ್ಣ ಮಾಡಿ. ಎರಡು ಕಾರಣ ಇರಬಹುದು, ಒಂದಕ್ಕೊಂದು ಉಲ್ಟಾ. ಹಿಟ್ಟನ್ನು ಅಂಗೈಯಲ್ಲಿ ಒತ್ತಿ ಉಂಡೆ ಮಾಡಿ ನೋಡಿ. ಉಂಡೆ ನಿಲ್ಲದೆ ಮರಳಿನಂತೆ ಉದುರಿದರೆ ತರಿ ಜಾಸ್ತಿಯಾಗಿದೆ, ಅಂಟು ಸಾಲದು. ಒಂದು ಹಿಡಿ ಹಿಟ್ಟನ್ನು ಮತ್ತೆ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿ ಬೆರೆಸಿ, ಸರಿಹೋಗುತ್ತದೆ. ಉಂಡೆ ನಿಂತರೂ ಬೆರಳ ಸಂದಿಯಲ್ಲಿ ನೀರು ಒಸರಿದರೆ ಅದು ನೀರಿನ ಕಾಟ. ಒಳಗಿನ ನೀರು ಕಾದ ಎಣ್ಣೆಯಲ್ಲಿ ಆವಿಯಾಗಿ ಹೊರಗೆ ನುಗ್ಗುವಾಗ, ಹಿಟ್ಟಿಗೆ ಇನ್ನೂ ಗಟ್ಟಿಯಾಗಲು ಪುರುಸೊತ್ತು ಸಿಕ್ಕಿರುವುದಿಲ್ಲ, ಸಿಡಿದು ಚೂರಾಗುತ್ತದೆ. ಒಂದು ಚಮಚ ಅಕ್ಕಿಹಿಟ್ಟು ಬೆರೆಸಿ ಐದು ನಿಮಿಷ ಬಿಡಿ. ಎರಡು ಚಮಚಕ್ಕಿಂತ ಜಾಸ್ತಿ ಹೋದರೆ ಅದು ಆಂಬೊಡೆಯಲ್ಲ, ಕೋಡುಬಳೆ.

ಮೂರನೆಯದೂ ಒಂದಿದೆ. ಬಾಣಲೆಗೆ ಬಿಟ್ಟ ಮರುಗಳಿಗೆಯೇ ಸೌಟು ಹಾಕಿ ತಿರುವುವುದು. ಒಂದು ನಿಮಿಷ ಕೈ ಕಟ್ಟಿ ನಿಲ್ಲಿ.

ಹಿಟ್ಟು ಪೂರ್ತಿ ನೀರಾಗಿಬಿಟ್ಟಿದೆ. ಉಳಿಸಬಹುದಾ?

ಉಳಿಸಬಹುದು, ಆಂಬೊಡೆಯಾಗಿ ಅಲ್ಲ. ಇದು ನನಗೇ ಆಗಿದ್ದು. ಮನೆಯಲ್ಲಿ ನಾಮಕರಣ, ಎರಡು ಕೆಜಿ ಬೇಳೆ. ಇಷ್ಟನ್ನು ಮಿಕ್ಸಿಯಲ್ಲಿ ಯಾರು ಮಾಡುತ್ತಾರೆ ಅಂತ ಹಿಟ್ಟು ರುಬ್ಬಿಕೊಡುವ ಅಂಗಡಿಗೆ ಕಳಿಸಿದೆ. "ನೀರು ಹಾಕಬೇಡಿ, ತರಿ ಇರಲಿ" ಅಂತ ಮೂರು ಸಲ ಹೇಳಿ ಕಳಿಸಿದ್ದೆ. ಬಂದಿದ್ದು ದೋಸೆ ಹಿಟ್ಟು. ಬಕೆಟ್ ಅಲುಗಿಸಿದರೆ ತುಳುಕುತ್ತಿತ್ತು. ಎಲೆ ಹಾಕಲು ಎರಡು ಗಂಟೆ ಇದೆ, ಭಟ್ಟರು ಬಂದು ಕೂತಿದ್ದಾರೆ, ನಮ್ಮತ್ತೆ ನನ್ನನ್ನು ನೋಡುತ್ತಿದ್ದಾರೆ, ನಾನು ಬಕೆಟ್ಟನ್ನು ನೋಡುತ್ತಿದ್ದೇನೆ.

ಆಮೇಲೆ ಅತ್ತೆಯೇ ದಾರಿ ತೋರಿಸಿದರು. ತೆಳ್ಳಗಿನ ಹಳೆ ಪಂಚೆಯಲ್ಲಿ ಹಿಟ್ಟನ್ನು ಗಂಟು ಕಟ್ಟಿ ನಲ್ಲಿಗೆ ನೇತುಹಾಕಿ ಅರ್ಧ ಗಂಟೆ ಬಿಟ್ಟೆವು, ಒಂದು ಚೊಂಬು ನೀರು ಇಳಿಯಿತು. ಉಳಿದದ್ದಕ್ಕೆ ಚಿರೋಟಿ ರವೆ, ಅಕ್ಕಿಹಿಟ್ಟು ಬೆರೆಸಿ, ಸೊಪ್ಪು ಜಾಸ್ತಿ ಮಾಡಿ, ತಟ್ಟುವ ಗೋಜಿಗೆ ಹೋಗದೆ ಕೈಯಲ್ಲಿ ಪಕೋಡದ ಹಾಗೆ ಬಿಟ್ಟೆವು. ಯಾರೂ ಏನೂ ಅನ್ನಲಿಲ್ಲ. ಚಿಕ್ಕಪ್ಪ ಒಬ್ಬರು ಮಾತ್ರ ಎಲೆಯ ಮೇಲೆ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, "ಇದೇನಮ್ಮಾ?" ಅಂದರು. ಈಗ ಎಷ್ಟೇ ಬೇಳೆಯಿರಲಿ, ಮನೆಯಲ್ಲೇ ರುಬ್ಬುತ್ತೇನೆ.

ತಟ್ಟುವುದು ಹೇಗೆ? ನನ್ನ ವಡೆ ದಪ್ಪ ಬಿಸ್ಕತ್ತಿನ ಹಾಗೆ ಬರುತ್ತದೆ.

ನಮ್ಮಜ್ಜಿ ತಟ್ಟುವುದನ್ನು ನೋಡಿ ಕಲಿತಿದ್ದು, ಅದನ್ನೇ ಹೇಳುತ್ತೇನೆ. ಪಕ್ಕದಲ್ಲಿ ಒಂದು ಬಟ್ಟಲು ನೀರು. ಎಡಗೈ ಅಂಗೈಯನ್ನು ಅದರಲ್ಲಿ ಅದ್ದಿ ಒಂದು ಸಲ ಒದರುತ್ತಿದ್ದರು, ತೇವ ಇರಬೇಕು, ಹನಿ ಇರಬಾರದು. ನಿಂಬೆಹಣ್ಣಿನ ಗಾತ್ರದ ಹಿಟ್ಟು ತೆಗೆದು ಮೊದಲು ಮುಷ್ಟಿಯಲ್ಲಿ ಗಟ್ಟಿಯಾಗಿ ಒಂದು ಸಲ ಅಮುಕುವುದು, ಆಮೇಲೆ ಎಡ ಅಂಗೈ ಮೇಲಿಟ್ಟು ಬಲಗೈಯ ಮೂರು ಬೆರಳಿನಿಂದ ಒತ್ತುವುದು. ನಡುವೆ ಕೊಂಚ ದಪ್ಪ, ಅಂಚಿಗೆ ಬರುತ್ತಾ ತೆಳು. ಅಂಚು ಹರಿದು ಸೀಳಿದ ಹಾಗೆ ಕಾಣುತ್ತಿತ್ತು, ಅದನ್ನು ತಿದ್ದುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಬೆರಳಲ್ಲಿ ಸವರಿ ಗುಂಡಗೆ ಮಾಡಲು ಹೋದರೆ ಕೈಮೇಲೆ ಒಂದು ಏಟು ಬೀಳುತ್ತಿತ್ತು. ಆ ಸೀಳಿದ ಅಂಚೇ ಮೊದಲು ಕೆಂಪಾಗಿ ಕರುಂಕುರುಂ ಅನ್ನುವುದು, ಎಲ್ಲರೂ ಮೊದಲು ಮುರಿದು ತಿನ್ನುವುದೂ ಅದನ್ನೇ. ಆಮೇಲೆ ಅಂಗೈಯನ್ನು ಎಣ್ಣೆಯ ಹತ್ತಿರಕ್ಕೆ ವಾಲಿಸಿ, ಬಲಗೈ ಬೆರಳಿಗೆ ಜಾರಿಸಿಕೊಂಡು, ಬಾಣಲೆಯ ಬದಿಯಿಂದ ಮೆಲ್ಲಗೆ ಇಳಿಸುವುದು. ಮೇಲಿನಿಂದ ಎಸೆದರೆ ಎಣ್ಣೆ ಹಾರಿ ಕೈ ಸುಡುತ್ತದೆ.

ಕೈ ಮೇಲೆ ಧೈರ್ಯ ಬರದಿದ್ದರೆ ಬಾಳೆಲೆ ತುಂಡಿನ ಮೇಲೋ, ಹಾಲಿನ ಪ್ಯಾಕೆಟ್ ತೊಳೆದು ಕತ್ತರಿಸಿದ ಹಾಳೆಯ ಮೇಲೋ ತಟ್ಟಿ, ಅಲ್ಲಿಂದ ಕೈಗೆ ಎತ್ತಿಕೊಂಡು ಬಿಡಿ. ಅಂಗೈಗಿಂತ ಚಿಕ್ಕದು, ನಡುವೆ ಒಂದು ಸೆಂಟಿಮೀಟರ್ ದಪ್ಪ. ಅಷ್ಟು ಸಾಕು.

ಎಣ್ಣೆ ಎಷ್ಟು ಕಾಯಬೇಕು? ಥರ್ಮಾಮೀಟರ್ ಇಲ್ಲ.

ಇದ್ದರೆ 170ರಿಂದ 175 ಡಿಗ್ರಿ ಸೆಲ್ಸಿಯಸ್. ಇಲ್ಲದಿದ್ದರೆ ಕಡಲೆಕಾಳಿನಷ್ಟು ಹಿಟ್ಟು ಬಿಟ್ಟು ನೋಡಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ಇನ್ನೂ ಕಾಯಬೇಕು. ಬಿಟ್ಟ ಕೂಡಲೇ ಮೇಲೆ ಬಂದು ಕಪ್ಪಾದರೆ ಅತಿಯಾಯಿತು. ತಳ ಮುಟ್ಟಿ, ಒಂದೆರಡು ಎಣಿಸುವಷ್ಟರಲ್ಲಿ ಗುಳ್ಳೆ ಬಿಡುತ್ತಾ ನಿಧಾನಕ್ಕೆ ಮೇಲೆ ಬಂದರೆ ಹದ.

ಹದಕ್ಕೆ ಬಂದ ಮೇಲೆ ಮಧ್ಯಮ ಉರಿ. ಒಂದು ಸಲಕ್ಕೆ ನಾಲ್ಕೈದಕ್ಕಿಂತ ಜಾಸ್ತಿ ಬಿಡಬೇಡಿ, ತಣ್ಣನೆ ಹಿಟ್ಟು ಜಾಸ್ತಿ ಬಿದ್ದರೆ ಎಣ್ಣೆ ಆರಿಹೋಗುತ್ತದೆ. ಐದಾರು ನಿಮಿಷ ಹಿಡಿಯುತ್ತದೆ. ಕಣ್ಣಿಗಿಂತ ಕಿವಿ ಮುಖ್ಯ ಇಲ್ಲಿ. ಬಿಟ್ಟಾಗ ಚುಂಯ್ ಅಂತ ಜೋರು ಸದ್ದು, ಬಾಣಲೆ ತುಂಬಾ ದೊಡ್ಡ ಗುಳ್ಳೆ. ಅದೆಲ್ಲ ಒಳಗಿನ ನೀರು ಹೊರಗೆ ಹೋಗುತ್ತಿರುವ ಸದ್ದು. ಬರಬರುತ್ತಾ ಗುಳ್ಳೆ ಸಣ್ಣದಾಗಿ ಸದ್ದು ಇಳಿಯುತ್ತದೆ. ಸದ್ದು ಪಿಸುಮಾತಿನಷ್ಟಾದಾಗ ತೆಗೆಯಿರಿ. ಬಣ್ಣ ನೋಡಿ ಬೇಗ ತೆಗೆದವರ ವಡೆ ಒಳಗೆ ಹಸಿ ಹಸಿ.

ಯಾವ ಎಣ್ಣೆ ಒಳ್ಳೆಯದು?

ಕಡಲೆಕಾಯಿ ಎಣ್ಣೆ ನನ್ನ ಓಟು. ಸೂರ್ಯಕಾಂತಿಯೂ ಆಗುತ್ತದೆ. ಗಾಣದ ಎಣ್ಣೆ ಬೇಗ ಹೊಗೆಯಾಡುತ್ತದೆ, ನೊರೆಯೂ ಬರಬಹುದು. ದೊಡ್ಡ ಬಾಣಲೆಯಲ್ಲಿ ಅರ್ಧಕ್ಕಿಂತ ಕಡಿಮೆ ಹಾಕಿ, ಸಣ್ಣ ಉರಿಯಲ್ಲಿ ಕಾಯಿಸಿ.

ವಡೆ ಎಣ್ಣೆ ಕುಡಿಯುತ್ತದೆ. ಹಿಂಡಿದರೆ ಇಳಿಯುವಷ್ಟು.

ಎಣ್ಣೆ ಸರಿಯಾಗಿ ಕಾದಿರಲಿಲ್ಲ, ಇಲ್ಲ ಹಿಟ್ಟಿನಲ್ಲಿ ನೀರು ಜಾಸ್ತಿಯಿತ್ತು. ಇನ್ನೊಂದು ಜನಕ್ಕೆ ಗೊತ್ತಿಲ್ಲ. ವಡೆ ಬಾಣಲೆಯಲ್ಲಿ ಇರುವಷ್ಟು ಹೊತ್ತು ಒಳಗಿನ ಆವಿ ಹೊರಗೆ ತಳ್ಳುತ್ತಿರುತ್ತದೆ, ಎಣ್ಣೆಗೆ ಒಳಗೆ ಹೋಗಲು ಅಷ್ಟಾಗಿ ಜಾಗ ಸಿಗುವುದಿಲ್ಲ. ಹೊರಗೆ ತೆಗೆದ ಮೇಲೆ ಅದು ಆರುತ್ತದೆ, ಆವಿ ತಣಿಯುತ್ತದೆ, ಆಗ ಮೈಮೇಲೆ ಅಂಟಿರುವ ಎಣ್ಣೆಯನ್ನು ಸೂಕ್ಷ್ಮ ತೂತುಗಳೆಲ್ಲ ಒಳಕ್ಕೆ ಎಳೆದುಕೊಳ್ಳುತ್ತವೆ. ಅದಕ್ಕೇ ಜಾಲರಿ ಸೌಟಿನಲ್ಲಿ ಎತ್ತಿ ಬಾಣಲೆಯ ಮೇಲೇ ಒಂದೆರಡು ಸಲ ಒದರಿ, ಕೂಡಲೇ ತೂತಿನ ಪಾತ್ರೆಯಲ್ಲಿ ನಿಲ್ಲಿಸಿ, ಮಲಗಿಸಬೇಡಿ. ನ್ಯೂಸ್‌ಪೇಪರ್ ಮೇಲೆ ಹಾಕುವುದನ್ನು ದಯವಿಟ್ಟು ಬಿಟ್ಟುಬಿಡಿ, ಆ ಶಾಯಿ ಹೊಟ್ಟೆಗೆ ಹೋಗುವಂಥದ್ದಲ್ಲ.

ಅರ್ಧ ಗಂಟೆಗೇ ಮೆತ್ತಗಾಗುತ್ತದೆ. ಹೋಟೆಲಿನವರದ್ದು ಹೇಗೆ ಗರಿಗರಿ?

ಬಿಸಿಯಲ್ಲಿ ಡಬ್ಬಿಗೆ ಹಾಕಿ ಮುಚ್ಚಿದರೆ ಮೆತ್ತಗಾಗದೆ ಇನ್ನೇನು, ತನ್ನ ಆವಿಯಲ್ಲಿ ತಾನೇ ಬೇಯುತ್ತದೆ. ತೆರೆದಿಡಿ. ಹೋಟೆಲಿನಲ್ಲಿ ಎಷ್ಟೋ ಕಡೆ ಬೆಳಿಗ್ಗೆಯೇ ಮುಕ್ಕಾಲು ಕರಿದು ಇಟ್ಟಿರುತ್ತಾರೆ, ಗಿರಾಕಿ ಕೇಳಿದಾಗ ಜೋರು ಕಾದ ಎಣ್ಣೆಯಲ್ಲಿ ಎರಡನೇ ಸಲ ಒಂದು ನಿಮಿಷ ಮುಳುಗಿಸಿ ಕೊಡುತ್ತಾರೆ. ಎರಡನೇ ಸಲ ಹೊರಮೈಯಲ್ಲಿ ಉಳಿದ ತೇವವೂ ಹೋಗುತ್ತದೆ. ನೆಂಟರು ಬರುವ ದಿನ ಈ ಉಪಾಯ ಮಾಡಿ. ಬೆಳಿಗ್ಗೆಯೇ ತಿಳಿ ಬಣ್ಣಕ್ಕೆ ಕರಿದಿಡಿ, ಎಲೆ ಹಾಕುವಾಗ ಇನ್ನೊಂದು ಸಲ.

ಸೋಡಾ?

ಬೇಡ. ಆಂಬೊಡೆ ಉಬ್ಬುವ ತಿಂಡಿಯಲ್ಲ.

ಈರುಳ್ಳಿ ಯಾವಾಗ ಹಾಕಬೇಕು?

ಮಸಾಲೆ ವಡೆ ಮಾಡುವುದಾದರೆ ಎಣ್ಣೆ ಕಾದ ಮೇಲೆ. ಉಪ್ಪು ಸೋಕಿದ ಈರುಳ್ಳಿ ಹತ್ತು ನಿಮಿಷದಲ್ಲಿ ನೀರು ಬಿಡುತ್ತದೆ. ಜಾಸ್ತಿ ಹಿಟ್ಟಿದ್ದರೆ ಒಂದು ಬಾಣಲೆಗೆ ಬೇಕಾದಷ್ಟಕ್ಕೆ ಮಾತ್ರ ಈರುಳ್ಳಿ ಬೆರೆಸಿಕೊಳ್ಳುತ್ತಾ ಹೋಗಿ.

ಉದ್ದಿನ ವಡೆಗೂ ಇದೇ ಪಾಠನಾ?

ಅಲ್ಲ, ಅದಕ್ಕೆ ಬೇರೆಯದೇ ಬುದ್ಧಿ. ಉದ್ದಿನಬೇಳೆಯಲ್ಲಿ ಒಂದು ಥರ ಲೋಳೆ ಇರುತ್ತದೆ, ರುಬ್ಬಿದಾಗ ಅದು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಡಲೆಬೇಳೆಯಲ್ಲಿ ನಾವು ತರಿ ಉಳಿಸಿಕೊಳ್ಳುತ್ತೇವೆ, ಉದ್ದಿನಲ್ಲಿ ಗಾಳಿ ತುಂಬುತ್ತೇವೆ. ಎರಡು ಗಂಟೆ ನೆನೆಸಿ, ಫ್ರಿಜ್‌ನ ತಣ್ಣೀರನ್ನು ಚಮಚ ಚಮಚವಾಗಿ ಚಿಮುಕಿಸುತ್ತಾ ನುಣ್ಣಗೆ ರುಬ್ಬಿ. ಮಿಕ್ಸಿ ಬಿಸಿಯಾದರೆ ಹಿಟ್ಟು ಬಾಡುತ್ತದೆ. ರುಬ್ಬಿದ ಮೇಲೆ ಕೈಯಲ್ಲಿ ಒಂದೇ ದಿಕ್ಕಿಗೆ ಐದು ನಿಮಿಷ ಬೀಸಿ. ಒಂದು ಬಟ್ಟಲು ನೀರಿಗೆ ಚೂರು ಹಿಟ್ಟು ಬಿಟ್ಟರೆ ತೇಲಬೇಕು. ಮುಳುಗಿದರೆ ಇನ್ನೂ ಬೀಸಬೇಕು. ಉಪ್ಪು ಕೊನೆಗೆ, ಕರಿಯುವ ಹೊತ್ತಿಗೆ. ಮೊದಲೇ ಹಾಕಿದರೆ ಹಿಟ್ಟು ಸಡಿಲವಾಗುತ್ತದೆ.

ನಡುವಿನ ತೂತು ಚೆಂದಕ್ಕಲ್ಲ. ದಪ್ಪ ಹಿಟ್ಟಿನ ನಡುಭಾಗಕ್ಕೂ ಎಣ್ಣೆ ಸೋಕಿ ಬೇಯಲಿ ಅಂತ. ಹಳೆಯ ತಿಂಡಿ ಇದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ 'ಮಾನಸೋಲ್ಲಾಸ'ದಲ್ಲಿ ಉದ್ದಿನ ವಟಕದ ಮಾತು ಬರುತ್ತದೆ. ಆ ಕಲ್ಯಾಣ ಅಂದರೆ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣವೇ. ಮಿಕ್ಸಿ ಇಲ್ಲದ ಕಾಲದಲ್ಲಿ ಅರಮನೆಗೆ ಎಷ್ಟು ಉದ್ದು ರುಬ್ಬಿರಬೇಕೋ, ನೆನೆಸಿಕೊಂಡರೆ ನನ್ನ ರಟ್ಟೆ ನೋಯುತ್ತದೆ.

ಆಂಜನೇಯನ ಹಾರದ ವಡೆ ವಾರವಾದರೂ ಕೆಡುವುದಿಲ್ಲವಲ್ಲ, ಹೇಗೆ?

ನೀರೇ ಇಲ್ಲ ಅದರಲ್ಲಿ. ಉದ್ದನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಮಾತ್ರ ನೆನೆಸುತ್ತಾರೆ, ನೀರು ಸೋಕಿಸದೆ ಗಟ್ಟಿಯಾಗಿ ರುಬ್ಬಿ ಮೆಣಸು, ಜೀರಿಗೆ, ಉಪ್ಪು ಬೆರೆಸುತ್ತಾರೆ, ಆಮೇಲೆ ತೆಳ್ಳಗೆ ತಟ್ಟಿ, ನಡುವೆ ದಾರ ಪೋಣಿಸಲು ತೂತು ಮಾಡಿ, ಸಣ್ಣ ಉರಿಯಲ್ಲಿ ಪೂರ್ತಿ ಒಣಗುವ ತನಕ ಕರಿಯುತ್ತಾರೆ. ಹಲ್ಲು ಗಟ್ಟಿ ಇರುವವರಿಗೆ ಅದರಷ್ಟು ರುಚಿ ಇನ್ನೊಂದಿಲ್ಲ.

ಕರಿಯುವಾಗ ಪಟ್ ಅಂತ ಸಿಡಿದು ಮುಖಕ್ಕೆ ಎಣ್ಣೆ ಹಾರಿತು. ಯಾಕೆ?

ಒಳಗೆ ಎಲ್ಲೋ ಆವಿ ಸಿಕ್ಕಿಹಾಕಿಕೊಂಡಿತ್ತು. ಮೆಣಸಿನಕಾಯಿಯನ್ನು ದೊಡ್ಡ ತುಂಡು ಹಾಕಿದರೆ, ಹಸಿ ಕೊಬ್ಬರಿ ಚೂರು ದಪ್ಪ ಇದ್ದರೆ, ಇಡೀ ಬೇಳೆ ಜಾಸ್ತಿಯಾದರೆ ಸಿಡಿಯುತ್ತದೆ. ಉದ್ದಿನ ವಡೆ ತೂತಿಲ್ಲದೆ ದಪ್ಪಗಿದ್ದರೂ ಅಷ್ಟೇ. ತೊಳೆದ ಸೊಪ್ಪನ್ನು ಬಟ್ಟೆಯಲ್ಲಿ ಒರೆಸಿಯೇ ಹೆಚ್ಚಿ. ಒದ್ದೆ ಸೌಟು ಬಾಣಲೆಗೆ ಇಳಿಸಬೇಡಿ. ಮಕ್ಕಳು ಒಲೆಯಿಂದ ದೂರ ಇರಲಿ.

ಎಣ್ಣೆಗೇ ಬೆಂಕಿ ಹತ್ತಿಕೊಂಡರೆ ಗ್ಯಾಸ್ ಆರಿಸಿ, ದೊಡ್ಡ ತಟ್ಟೆಯಿಂದ ಬಾಣಲೆ ಮುಚ್ಚಿ, ಪೂರ್ತಿ ಆರುವ ತನಕ ತೆಗೆಯಬೇಡಿ. ನೀರು ಮಾತ್ರ ಹಾಕಲೇಬಾರದು. ಉರಿಯುವ ಎಣ್ಣೆಗೆ ನೀರು ಬಿದ್ದರೆ ಬೆಂಕಿ ಸೂರಿಗೆ ಹಾರುತ್ತದೆ.

ಬೇರೆ ಕಾಳಿನಲ್ಲಿ ಮಾಡಬಹುದಾ?

ಧಾರಾಳವಾಗಿ. ಹೆಸರುಬೇಳೆ ಒಂದೂವರೆ ಗಂಟೆ ನೆನೆದರೆ ಸಾಕು, ವಡೆ ಮೃದು. ಅವರೆಕಾಯಿ ಕಾಲದಲ್ಲಿ, ಡಿಸೆಂಬರಿನಿಂದ ಫೆಬ್ರುವರಿ ತನಕ, ಹಿಟ್ಟಿಗೆ ಒಂದು ಹಿಡಿ ಹಿತಕಿದ ಅವರೆಬೇಳೆ ಬೆರೆಸಿ ನೋಡಿ. ಸೊಗಡು ಇರುವ ಅವರೆಯಾದರೆ ಚಟ್ನಿಯೇ ಬೇಡ.

ಅಲಸಂದೆಯಲ್ಲಿ ಮಾಡುವುದಾದರೆ ಕಾಳನ್ನು ಐದಾರು ಗಂಟೆ ನೆನೆಸಿ, ಕೈಯಲ್ಲಿ ಉಜ್ಜಿ ಸಿಪ್ಪೆ ತೇಲಿಸಿ ತೆಗೆದು ರುಬ್ಬಿ. ನಮ್ಮಲ್ಲಿ ಇದು ಅಪರೂಪ, ಆದರೆ ನೈಜೀರಿಯಾದ ಕಡೆ ಬೆಳಗಿನ ತಿಂಡಿಗೇ ಅಲಸಂದೆ ವಡೆ ಕರಿಯುತ್ತಾರೆ, ಅಕರಾ ಅಂತ ಹೆಸರು. ಗುಲಾಮರಾಗಿ ಹಡಗು ಹತ್ತಿದ ಜನರ ಜೊತೆ ಅದೇ ವಡೆ ಬ್ರೆಜಿಲ್‌ನ ಬಹಿಯಾಕ್ಕೆ ಹೋಗಿ ಅಕರಾಜೆ ಆಗಿದೆ. ಅಲ್ಲಿ ಕೆಂಪು ತಾಳೆ ಎಣ್ಣೆಯಲ್ಲಿ ಕರಿದು, ನಡುವೆ ಸೀಳಿ, ಸಿಗಡಿ ತುಂಬಿ ಬೀದಿಯಲ್ಲಿ ಮಾರುತ್ತಾರೆ. ಅವರೂ ನಮ್ಮ ಉದ್ದಿನ ಹಾಗೆ ಹಿಟ್ಟನ್ನು ಬೀಸಿ ಬೀಸಿ ಗಾಳಿ ತುಂಬಿಸುತ್ತಾರೆ.

ರಾಜ್ಮಾ ಮಾತ್ರ ಬೇಡ. ಹಸಿ ರಾಜ್ಮಾದಲ್ಲಿ ಒಂದು ವಿಷದ ಅಂಶ ಇರುತ್ತದೆ, ನೆನೆಸಿ ಕರಿದರೆ ಅದು ಪೂರ್ತಿ ಹೋಗುತ್ತದೆ ಅನ್ನುವ ಭರವಸೆ ಇಲ್ಲ, ವಾಂತಿ ಭೇದಿ ಆಗಬಹುದು. ಚೆನ್ನಾಗಿ ಕುದಿಸಿ ಬೇಯಿಸಿದ ಮೇಲಷ್ಟೇ ಅದನ್ನು ತಿನ್ನಬೇಕು.

ಬೇಳೆ ಬೇಯಿಸಿ ಮಾಡಿದರೆ ಬೇಗ ಆಗಲ್ವಾ?

ಬೇಗ ಆಗುತ್ತದೆ, ಎಣ್ಣೆಯಲ್ಲಿ ಬೇಗ ಕರಗಿಯೂ ಹೋಗುತ್ತದೆ. ಹಸಿ ಬೇಳೆಯ ಹಿಟ್ಟು ಎಣ್ಣೆಯ ಬಿಸಿಗೆ ಮೊದಲ ಸಲ ಬೆಂದು ಬಿಗಿದುಕೊಳ್ಳುತ್ತದೆ. ಬೆಂದ ಬೇಳೆಗೆ ಆ ಬಿಗಿ ಇರುವುದಿಲ್ಲ, ಜೊತೆಗೆ ಮೈತುಂಬಾ ನೀರು. ಫಲಾಫೆಲ್ ಮಾಡುವ ಅರಬ್ಬರೂ ಕಡಲೆಯನ್ನು ಬೇಯಿಸುವುದಿಲ್ಲ, ನೆನೆಸಿ ಹಸಿಯಾಗಿಯೇ ರುಬ್ಬುತ್ತಾರೆ. ಬರೀ ಕಡಲೆಹಿಟ್ಟಿನಲ್ಲಿ ಮಾಡಿದರೆ ಅದು ಬೋಂಡ, ಬಜ್ಜಿ.

ಏರ್ ಫ್ರೈಯರ್‌ನಲ್ಲಿ ಆಗುತ್ತಾ?

ಆಗುತ್ತದೆ ಅಂತ ಹೇಳಿದರೆ ಸುಳ್ಳಲ್ಲ. ತೆಳ್ಳಗೆ ತಟ್ಟಿ, ಎರಡೂ ಕಡೆ ಎಣ್ಣೆ ಸವರಿ, 180 ಡಿಗ್ರಿಯಲ್ಲಿ 16ರಿಂದ 18 ನಿಮಿಷ, ನಡುವೆ ಒಮ್ಮೆ ತಿರುವಿ. ಹೊರಗೆ ಗರಿಗರಿ ಬರುತ್ತದೆ, ಒಳಗೆ ಒಣ ಒಣ. ಕಾಫಿ ಜೊತೆ ನಡೆಯುತ್ತದೆ. ನನ್ನನ್ನು ಕೇಳಿದರೆ ಎಣ್ಣೆ ಬೇಡ ಅನ್ನುವವರು ಗುಳಿ ಬಾಣಲೆಯಲ್ಲಿ, ಅದೇ ಪಡ್ಡು ಮಾಡುವುದರಲ್ಲಿ, ಒಂದೊಂದು ಗುಳಿಗೆ ಅರ್ಧ ಚಮಚ ಎಣ್ಣೆ ಬಿಟ್ಟು ಮುಚ್ಚಿ ಬೇಯಿಸಿ. ಅದು ವಾಸಿ.

ಅಮೆರಿಕದಲ್ಲಿದ್ದೇವೆ, ಕರೆಂಟ್ ಒಲೆ, ಕರಿದರೆ ಹೊಗೆ ಅಲಾರಂ ಕೂಗುತ್ತದೆ.

ದಪ್ಪ ತಳದ ಬೀಡು ಕಬ್ಬಿಣದ ಪಾತ್ರೆ ತೆಗೆದುಕೊಳ್ಳಿ, ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟ್ ಒಲೆ ಕಳೆದುಕೊಂಡ ಬಿಸಿಯನ್ನು ಬೇಗ ಕೂಡಿಸಿಕೊಳ್ಳುವುದಿಲ್ಲ, ಹಾಗಾಗಿ ಒಂದು ಸಲಕ್ಕೆ ಮೂರೇ ವಡೆ. ಥರ್ಮಾಮೀಟರ್ ಇದ್ದರೆ 180 ದಾಟಲು ಬಿಡಬೇಡಿ, ಹೊಗೆಯ ತಂಟೆ ಕಡಿಮೆ. ಸಬ್ಬಸಿಗೆಗೆ ಅಲ್ಲಿ ಪರದಾಡುವುದೇ ಬೇಡ, ಸೂಪರ್ ಮಾರ್ಕೆಟ್‌ನಲ್ಲಿ ಡಿಲ್ ಅಂತ ಕಟ್ಟು ಕಟ್ಟಿ ಮಾರುತ್ತಾರಲ್ಲ, ಅದೇ ಜಾತಿಯ ಸೊಪ್ಪು. ಬೇಳೆ ಕೊಳ್ಳುವಾಗ ಹಳದಿ ಬಟಾಣಿ ಬೇಳೆಯನ್ನು ಕಡಲೆಬೇಳೆ ಅಂದುಕೊಂಡು ತರಬೇಡಿ, ನೋಡಲು ಒಂದೇ ಥರ. ಬಟಾಣಿಯದ್ದು ಸ್ವಲ್ಪ ಗುಂಡಗೆ, ನಯವಾಗಿರುತ್ತದೆ.

ಕರಿದು ಉಳಿದ ಎಣ್ಣೆ ಏನು ಮಾಡುವುದು?

ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ತಳದ ಕರಿ ಪುಡಿ ಬಿಟ್ಟು, ಮೂರು ನಾಲ್ಕು ದಿನದಲ್ಲಿ ಪಲ್ಯ, ಒಗ್ಗರಣೆಗೆ ಮುಗಿಸಿ. ಮತ್ತೆ ಮತ್ತೆ ಕರಿಯಲು ಬಳಸಬೇಡಿ. ಕಾದು ಕಾದು ಎಣ್ಣೆ ಒಡೆದು ಪೋಲಾರ್ ಸಂಯುಕ್ತ ಅನ್ನುವ ಅಂಶ ಸೇರುತ್ತಾ ಹೋಗುತ್ತದೆ. ಅದು 25 ಶೇಕಡಾ ದಾಟಿದ ಎಣ್ಣೆಯನ್ನು ಆಹಾರದ ವ್ಯಾಪಾರದವರು ಬಳಸಬಾರದು ಅಂತ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ ಇದೆ, 2018ರ ಜುಲೈ 1ರಿಂದ. ಮನೆಯಲ್ಲಿ ಅಳೆಯುವ ಯಂತ್ರ ಎಲ್ಲಿಂದ ಬರಬೇಕು. ಕಪ್ಪಾಗಿ, ಅಂಟಂಟಾಗಿ, ಕಾಯಿಸಿದರೆ ನೊರೆ ಏಳುತ್ತಿದ್ದರೆ ಅದರ ಆಯಸ್ಸು ಮುಗಿದಿದೆ. ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ.

ಹಿಟ್ಟು ಉಳಿದರೆ? ಆಂಬೊಡೆಯೇ ಉಳಿದರೆ?

ಹಿಟ್ಟನ್ನು ಫ್ರಿಜ್‌ನಲ್ಲಿ ಒಂದು ದಿನ ಇಡಬಹುದು, ಈರುಳ್ಳಿ ಬಿದ್ದಿರಬಾರದು. ನಾನಾದರೆ ಅದನ್ನು ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ 15 ನಿಮಿಷ ಹಬೆಯಲ್ಲಿ ಬೇಯಿಸಿಬಿಡುತ್ತೇನೆ, ನುಚ್ಚಿನುಂಡೆ. ಸಾಮಾನ್ಯವಾಗಿ ತೊಗರಿಬೇಳೆಯಲ್ಲಿ ಮಾಡುವುದು, ಕಡಲೆಬೇಳೆಯಲ್ಲೂ ಏನೂ ಮೋಸವಿಲ್ಲ, ತುಪ್ಪ ಇರಬೇಕು ಅಷ್ಟೇ.

ಆಂಬೊಡೆ ಉಳಿಯುವುದು ನಮ್ಮ ಮನೆಯಲ್ಲಿ ಅಪರೂಪ. ಅದಕ್ಕೇ ಹಬ್ಬದ ದಿನ ನಾಲ್ಕನ್ನು ಮೇಲಿನ ಅಟ್ಟದ ಡಬ್ಬಿಯಲ್ಲಿ ಬಚ್ಚಿಡುತ್ತೇನೆ, ಮಾರನೇ ದಿನದ ಮಜ್ಜಿಗೆಹುಳಿಗೆ. ಕಾಯಿ, ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ, ಒಂದು ಚಮಚ ನೆನೆಸಿದ ಕಡಲೆಬೇಳೆ ನುಣ್ಣಗೆ ರುಬ್ಬಿ, ಹುಳಿ ಮಜ್ಜಿಗೆಯ ಜೊತೆ ಸಣ್ಣ ಉರಿಯಲ್ಲಿ ಒಂದು ಕುದಿ ಬರುವ ತನಕ ಕಾಯಿಸಿ, ಇಂಗು ಸಾಸಿವೆ ಒಗ್ಗರಣೆ ಕೊಡಿ. ಒಲೆ ಆರಿಸಿದ ಮೇಲೆ ಆಂಬೊಡೆ ಬಿಡಿ. ಹತ್ತು ಹದಿನೈದು ನಿಮಿಷದಲ್ಲಿ ಹೀರಿಕೊಂಡು ಮೆತ್ತಗಾಗುತ್ತವೆ. ಸೌಟು ಹಾಕಿ ಕೆದಕಬೇಡಿ, ಒಡೆದುಹೋಗುತ್ತವೆ. ಪಾತ್ರೆಯನ್ನೇ ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ, ಹಾಗೇ ಊಟಕ್ಕೆ ಇಟ್ಟುಬಿಡಿ.